ವ್ಯಾಲರೆಂಟ್ 40 ಎಫ್‌ಪಿಎಸ್‌ಗೆ ಬೀಳುವ ಲ್ಯಾಪ್‌ಟಾಪ್: ರಿಪೇರಿ ಲಾಗ್

ಚಿಕ್ಕಪ್ಪನ ಮಗನ ಲ್ಯಾಪ್‌ಟಾಪ್ ಈಗ ನನ್ನ ಮೇಜಿನ ಮೇಲಿದೆ. ಕೋರ್ ಐ5-10300ಎಚ್ ಪ್ರೊಸೆಸರ್, 4 ಜಿಬಿಯ ಜಿಟಿಎಕ್ಸ್ 1650, 8 ಜಿಬಿ ರ‍್ಯಾಮ್. ಈಗಿನ ದೊಡ್ಡ ಗೇಮ್‌ಗಳಿಗೆ ಇದು ಸಾಲದು, ನಿಜ. ಆದರೆ ಅವನು ಆಡುವುದು ವ್ಯಾಲರೆಂಟ್. 2020ರ ಗೇಮ್, ಹಗುರವಾದದ್ದು. ಈ ಮೆಷಿನ್‌ನಲ್ಲಿ 100 ಎಫ್‌ಪಿಎಸ್ (ಪರದೆಯ ಮೇಲೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ದಾಟಬೇಕು. ಶುರುವಿನಲ್ಲಿ ದಾಟುತ್ತದೆ ಕೂಡ. ಕೆಲವು ರೌಂಡ್ ಆದ ಮೇಲೆ 40ಕ್ಕೆ ಕುಸಿದು, ಆಮೇಲೆ ಏಳುತ್ತಾ ಬೀಳುತ್ತಾ ಇರುತ್ತದೆ.

"ನೆಟ್ ಸರಿ ಇಲ್ಲ ಅಣ್ಣಾ, ಅದಕ್ಕೇ ಲ್ಯಾಗ್" ಅಂತ ಅವನ ವಾದ. ಮುಂಬೈ ಸರ್ವರ್‌ಗೆ ಪಿಂಗ್ (ಸಂದೇಶ ಹೋಗಿ ಬರಲು ಹಿಡಿಯುವ ಸಮಯ) ನೋಡಿದರೆ 30 ಮಿಲಿಸೆಕೆಂಡಿನ ಆಸುಪಾಸು, ಅಲುಗಾಡುತ್ತಲೇ ಇಲ್ಲ. ನೆಟ್ ತೊಂದರೆ ಆದರೆ ಎದುರಾಳಿ ಅಲ್ಲಿಂದ ಇಲ್ಲಿಗೆ ಜಿಗಿಯುತ್ತಾನೆ, ನಮ್ಮ ಮೌಸ್ ಮಾತ್ರ ಸಲೀಸಾಗಿ ತಿರುಗುತ್ತದೆ. ಇಲ್ಲಿ ಮೌಸ್ ತಿರುಗಿಸಿದರೆ ಇಡೀ ಚಿತ್ರವೇ ತಡವರಿಸುತ್ತಿತ್ತು. ರೂಟರ್ ಬಿಟ್ಟು ಲ್ಯಾಪ್‌ಟಾಪ್ ಹಿಡಿದೆ.

ಅವನು ಆಗಲೇ ಎಲ್ಲ ಸೆಟ್ಟಿಂಗ್‌ಗಳನ್ನೂ ಲೋಗೆ ಇಳಿಸಿ, ರೆಸಲ್ಯೂಷನ್ ಕೂಡ ಕಡಿಮೆ ಮಾಡಿ, ಗೇಮನ್ನು ಮಸುಕು ಮಸುಕಾಗಿ ಮಾಡಿಟ್ಟಿದ್ದ. ಎಫ್‌ಪಿಎಸ್ ಮಾತ್ರ ಜಪ್ಪಯ್ಯ ಅಂದರೂ ಏರಿರಲಿಲ್ಲ. ಒಳ್ಳೆಯ ಸುಳಿವೇ ಇದು. ರೆಸಲ್ಯೂಷನ್ ಇಳಿಸಿದರೂ ವ್ಯತ್ಯಾಸ ಕಾಣದಿದ್ದರೆ ಅಡ್ಡಗಾಲು ಹಾಕುತ್ತಿರುವುದು ಹೆಚ್ಚಾಗಿ ಗ್ರಾಫಿಕ್ಸ್ ಚಿಪ್ ಅಲ್ಲ, ಪ್ರೊಸೆಸರ್. ಟಾಸ್ಕ್ ಮ್ಯಾನೇಜರ್‌ನಲ್ಲೂ ನೋಡಿದೆ. ಗೇಮ್ ಓಡುತ್ತಿರುವುದು ಎನ್ವಿಡಿಯಾ ಚಿಪ್ ಮೇಲೇ, ಇಂಟೆಲ್‌ನ ಒಳಗಿನ ಗ್ರಾಫಿಕ್ಸ್ ಮೇಲಲ್ಲ.

ಶನಿವಾರ: ಬಿಸಿ

ಬಿಸಿ, ವೇಗ ಎಲ್ಲ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಎಂಬ ಸಾಫ್ಟ್‌ವೇರ್ ಹಾಕಿ, ಪಕ್ಕದಲ್ಲಿ ಗೇಮ್ ಓಡಿಸಿದೆ. ಪ್ರೊಸೆಸರ್ 97 ಡಿಗ್ರಿ. ಎಲ್ಲ ಕೋರ್‌ಗಳ ಮುಂದೂ 'ಥರ್ಮಲ್ ಥ್ರಾಟ್ಲಿಂಗ್: ಯೆಸ್' ಅಂತ ಕೆಂಪಗೆ ಕಾಣುತ್ತಿದೆ. ಅಂದರೆ ಬಿಸಿ ತಾಳದೆ ತಾನೇ ವೇಗ ಇಳಿಸಿಕೊಳ್ಳುತ್ತಿದೆ. ಸರಿ, ಸ್ಕ್ರೂಡ್ರೈವರ್ ತಂದೆ.

ಹಿಂಭಾಗದ ಮುಚ್ಚಳ ತೆಗೆದ ತಕ್ಷಣ ಬ್ಯಾಟರಿ ಕನೆಕ್ಟರ್ ಬಿಚ್ಚಿದೆ, ಉಳಿದದ್ದೆಲ್ಲ ಆಮೇಲೆ. ಫ್ಯಾನ್ ಮೇಲ್ನೋಟಕ್ಕೆ ಸ್ವಚ್ಛವಾಗಿತ್ತು. ಆದರೆ ಅದರ ಕವಚ ಎತ್ತಿದರೆ, ಗಾಳಿ ಹೊರಹೋಗುವ ತಾಮ್ರದ ರೆಕ್ಕೆಗಳ ಬಾಯಿಗೆ ಧೂಳು ಹಳೇ ಕಂಬಳಿಯ ತುಂಡಿನ ಹಾಗೆ ಮೆತ್ತಿಕೊಂಡಿದೆ. ಟ್ವೀಜರ್‌ನಲ್ಲಿ ಹಿಡಿದು ಎಳೆದರೆ ಅಷ್ಟೂ ಒಂದೇ ಪಟ್ಟಿಯಾಗಿ ಬಂತು. ಹೊರಗಿನಿಂದ ಬ್ಲೋವರ್ ಹಿಡಿದಿದ್ದರೆ ಇದು ಇನ್ನೂ ಒಳಕ್ಕೆ ಹೋಗುತ್ತಿತ್ತು ಅಷ್ಟೇ. ಬ್ಲೋವರ್ ಬಳಸುವವರು ಫ್ಯಾನ್ ಗರಗರ ತಿರುಗದಂತೆ ಒಂದು ಟೂತ್‌ಪಿಕ್ ಸಿಕ್ಕಿಸಿ, ಇಲ್ಲವಾದರೆ ಬೇರಿಂಗ್ ಹಾಳಾಗುತ್ತದೆ.

ಚಿಪ್‌ನ ಬಿಸಿ ಹೀರುವ ಹೀಟ್‌ಸಿಂಕ್‌ನ ಸ್ಕ್ರೂಗಳ ಪಕ್ಕ 1, 2, 3 ಅಂತ ನಂಬರ್ ಇರುತ್ತದೆ. ಹಾಕುವಾಗ ಅದೇ ಕ್ರಮದಲ್ಲಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಚಿಪ್‌ನಿಂದ ಹೀಟ್‌ಸಿಂಕ್‌ಗೆ ಬಿಸಿ ದಾಟಿಸುವ ಹಳೆ ಪೇಸ್ಟ್ ಒಣಗಿ ಪುಡಿಯಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಹೊಸದು ಹಚ್ಚಿದೆ.

ಈಗ ಜಾಸ್ತಿ ಅಂದರೆ 82 ಡಿಗ್ರಿ. ಖುಷಿಯಾಯ್ತು. ಗೇಮ್ ಹಾಕಿದರೆ ಮತ್ತೆ 40.

ಭಾನುವಾರ: ಚಾರ್ಜರ್

ವಿಚಿತ್ರ ಅಂದರೆ, ಎಫ್‌ಪಿಎಸ್ ಬಿದ್ದಾಗ ಪ್ರೊಸೆಸರ್ ತಣ್ಣಗಿತ್ತು. 68 ಡಿಗ್ರಿ. ಆದರೂ ಅದರ ಕ್ಲಾಕ್ (ಕೆಲಸ ಮಾಡುವ ವೇಗ) 4 ಗಿಗಾಹರ್ಟ್ಸ್‌ನಿಂದ ಕೆಲವು ಸೆಕೆಂಡ್ 800 ಮೆಗಾಹರ್ಟ್ಸ್‌ಗೆ ಧೊಪ್ಪೆಂದು ಬೀಳುತ್ತಿದೆ. ಎಚ್‌ಡಬ್ಲ್ಯೂಇನ್ಫೋದಲ್ಲಿ 'ಪ್ರೊಕ್‌ಹಾಟ್' ಮುಂದೆ 'ಯೆಸ್'. ಹೆಸರು ನೋಡಿದರೆ ಪ್ರೊಸೆಸರ್ ಬಿಸಿಯಾಗಿದೆ ಅನ್ನಿಸುತ್ತದೆ. ಆದರೆ ಈ ಸಿಗ್ನಲ್ ಎರಡೂ ಕಡೆಯಿಂದ ಬರಬಹುದು. ಮದರ್‌ಬೋರ್ಡ್‌ನ ಬೇರೆ ಭಾಗವೂ ಇದನ್ನು ಎಳೆದು "ನಿಧಾನ ಮಾಡು" ಅಂತ ಪ್ರೊಸೆಸರ್‌ಗೆ ಹೇಳಬಹುದು. ಹಾಗೆ ಹೇಳುತ್ತಿದ್ದವರು ಯಾರು?

ಟಾಸ್ಕ್‌ಬಾರ್ ಕಡೆ ಕಣ್ಣು ಹೋಯಿತು. ಚಾರ್ಜರ್ ಹಾಕಿಯೇ ಇದೆ, ಆದರೂ ಬ್ಯಾಟರಿ 100ರಿಂದ 91ಕ್ಕೆ ಇಳಿದಿದೆ. ಚಾರ್ಜರ್ ತಿರುಗಿಸಿ ಲೇಬಲ್ ಓದಿದೆ. 65 ವ್ಯಾಟ್! "ಇದು ಜೊತೆಗೆ ಬಂದಿದ್ದೇನೋ?" ಅಂದರೆ, "ಅಲ್ಲ ಅಣ್ಣಾ, ಅದರ ವೈರ್ ಹಾಸ್ಟೆಲ್‌ನಲ್ಲಿ ತುಂಡಾಯ್ತು. ಇದರ ಪಿನ್ ಕರೆಕ್ಟಾಗಿ ಕೂತಿತು, ತಗೊಂಡೆ" ಅಂದ.

ಲೆಕ್ಕ ಹಾಕಿ ನೋಡಿ. ಪ್ರೊಸೆಸರ್‌ಗೆ 45 ವ್ಯಾಟ್, ಈ ಗ್ರಾಫಿಕ್ಸ್ ಚಿಪ್‌ಗೆ 50 ವ್ಯಾಟ್. ಅಲ್ಲಿಗೇ 95. ಪರದೆ, ಎಸ್‌ಎಸ್‌ಡಿ, ಫ್ಯಾನ್ ಬೇರೆ. ಕೊರತೆ ಬಿದ್ದದ್ದನ್ನು ಬ್ಯಾಟರಿಯಿಂದ ತುಂಬಿಸಿಕೊಳ್ಳುತ್ತದೆ, ಅದಕ್ಕೂ ಆಗದಾಗ ಬ್ರೇಕ್ ಹಾಕುತ್ತದೆ. ಶುರುವಿನಲ್ಲಿ ಗೇಮ್ ಚೆನ್ನಾಗಿ ಓಡುತ್ತಿದ್ದದ್ದೂ ಇದಕ್ಕೇ.

ಥ್ರಾಟಲ್‌ಸ್ಟಾಪ್ ಎಂಬ ಸಾಫ್ಟ್‌ವೇರ್‌ನಲ್ಲಿ 'ಬಿ.ಡಿ. ಪ್ರೊಕ್‌ಹಾಟ್' (ಬೈ-ಡೈರೆಕ್ಷನಲ್, ಅಂದರೆ ಎರಡೂ ಕಡೆಯ ಪ್ರೊಕ್‌ಹಾಟ್) ಟಿಕ್ ತೆಗೆದರೆ ಈ ಬ್ರೇಕ್ ಬೀಳುವುದಿಲ್ಲ. ಎಷ್ಟೋ ವಿಡಿಯೊಗಳಲ್ಲಿ ಅದನ್ನೇ ಹೇಳುತ್ತಾರೆ. ನಾನಂತೂ ತೆಗೆಯಲಿಲ್ಲ. ಸಣ್ಣ ಚಾರ್ಜರ್‌ನ ಕೈಲಿ ಜಾಸ್ತಿ ಕರೆಂಟ್ ಎಳೆಸುವುದು ನನಗೆ ಧೈರ್ಯ ಸಾಲದ ಕೆಲಸ. ಅದೇ ಮಾಡೆಲ್‌ಗೆ ಸೇರಿದ 150 ವ್ಯಾಟ್‌ನ ಚಾರ್ಜರ್ ತರಿಸಿದೆವು.

ಚಾರ್ಜರ್ ಬಂದ ಮೇಲೆ

110ರಿಂದ 130. ಬೀಳುತ್ತಿಲ್ಲ. ಆದರೆ ಸ್ಮೋಕ್ ಹಾಕಿ ಎಲ್ಲರೂ ಒಂದೇ ಕಡೆ ನುಗ್ಗಿದಾಗ ಸಣ್ಣಗೆ ಜರ್ಕ್ ಹೊಡೆಯುತ್ತಿತ್ತು. ಸರಾಸರಿ ಎಫ್‌ಪಿಎಸ್‌ನಲ್ಲಿ ಇದು ಕಾಣುವುದಿಲ್ಲ, '1% ಲೋ', ಅಂದರೆ ತೀರಾ ನಿಧಾನವಾದ ನೂರಕ್ಕೆ ಒಂದರಷ್ಟು ಚಿತ್ರಗಳ ಎಫ್‌ಪಿಎಸ್, ನೋಡಬೇಕು. ಅದು 52 ಇತ್ತು.

ಇದಕ್ಕೆ ನನ್ನ ಅನುಮಾನ ರ‍್ಯಾಮ್ ಮೇಲೆ. 8 ಜಿಬಿಯ ಒಂದೇ ಕಡ್ಡಿ, ಪಕ್ಕದ ಸ್ಲಾಟ್ ಖಾಲಿ. ಕಡ್ಡಿ ಒಂದೇ ಆದರೆ ಪ್ರೊಸೆಸರ್‌ಗೆ ಡೇಟಾ ಹೋಗುವ ದಾರಿ (ಚಾನೆಲ್) ಕೂಡ ಒಂದೇ. ಡಿಡಿಆರ್4 ರ‍್ಯಾಮ್‌ನ 2933 ವೇಗದಲ್ಲಿ ಒಂದು ಚಾನೆಲ್‌ಗೆ ಸೆಕೆಂಡಿಗೆ ಸುಮಾರು 23 ಜಿಬಿ, ಎರಡಾದರೆ ಅದರ ದುಪ್ಪಟ್ಟು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಇನ್ನೊಂದು 8 ಜಿಬಿ ಕಡ್ಡಿ ತಂದೆ. 3200ರದ್ದು ಸಿಕ್ಕಿತು. ಈ ಪ್ರೊಸೆಸರ್ ಅದನ್ನು 2933ರಲ್ಲೇ ಓಡಿಸುತ್ತದೆ, ಪರವಾಗಿಲ್ಲ. 1% ಲೋ ಈಗ 84.

ಅಂಡರ್‌ವೋಲ್ಟ್ ಮಾಡಿ (ಪ್ರೊಸೆಸರ್‌ಗೆ ಕೊಡುವ ವೋಲ್ಟೇಜ್ ತಗ್ಗಿಸಿ) ಇನ್ನೂ ನಾಲ್ಕೈದು ಡಿಗ್ರಿ ಇಳಿಸೋಣ ಅಂತಿದ್ದೆ. ಥ್ರಾಟಲ್‌ಸ್ಟಾಪ್‌ನಲ್ಲಿ ಆ ಆಯ್ಕೆ ಬೂದು ಬಣ್ಣ, ಮುಟ್ಟಲು ಬಿಡುವುದಿಲ್ಲ. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಹೊರಬಿದ್ದ ಮೇಲೆ ಎಷ್ಟೋ ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಇದಕ್ಕೆ ಬೀಗ ಬಿತ್ತು. ಬಯೋಸನ್ನು ಹಳೇ ಆವೃತ್ತಿಗೆ ತಿರುಗಿಸುವ ಸಾಹಸಕ್ಕೆ ನಾನಿಲ್ಲ.

ಇನ್ನು ಬಾಕಿ ಇರುವುದು ಬಲಗಡೆಯ ಫ್ಯಾನ್. ಜೋರಾಗಿ ತಿರುಗಿದಾಗ ಕಿರ್ರ್ ಅನ್ನುತ್ತಿದೆ. ಪಾರ್ಟ್ ನಂಬರ್ ಬರೆದುಕೊಂಡಿದ್ದೇನೆ, ಸಿಕ್ಕ ಮೇಲೆ ಮತ್ತೆ ಮುಚ್ಚಳ ತೆಗೆಯಬೇಕು.