ಬ್ಲೂ ರಿಡ್ಜ್ ಬೈಕ್ ಡೈರಿ: ಹಾರ್ನ್ ಕೇಳಿಸದ ತಿರುವುಗಳು

ಅಮೆರಿಕದ ಶಾರ್ಲೆಟ್‌ಗೆ ಬಂದು ನೆಲೆಸಿದ ಮೇಲೆ ಹಾಕಿಕೊಂಡ ಯೋಜನೆ ಇದು. ನಾರ್ತ್ ಕೆರೊಲಿನಾದ ಪಶ್ಚಿಮಕ್ಕಿರುವ ಬೆಟ್ಟದ ರಸ್ತೆಗಳನ್ನು ಒಂದೊಂದಾಗಿ ಬೈಕಿನಲ್ಲಿ ಸುತ್ತಬೇಕು, ಪ್ರತಿ ರಸ್ತೆಯಿಂದಲೂ ಓಡಿಸುವುದರ ಬಗ್ಗೆ ಏನಾದರೂ ಕಲಿಯಬೇಕು. ಗಾಡಿ ಹೋಂಡಾ ಸಿಬಿ500ಎಕ್ಸ್. ಈ ವರ್ಷ ಇಲ್ಲಿಯವರೆಗೆ ಆಗಿದ್ದನ್ನು ಬರೆದಿಡುತ್ತಿದ್ದೇನೆ. ಊರಲ್ಲಿ ಘಾಟಿ ಓಡಿಸಿ, ಈಗ ಈ ಕಡೆ ಬಂದಿರುವ ನಮ್ಮವರಿಗೆ ಉಪಯೋಗವಾಗಬಹುದು.

ಮಾರ್ಚ್

ಚಳಿ ಬಿಡುತ್ತಿದ್ದಂತೆ ಮೊದಲು ನೋಡಿದ್ದು ಟಯರು. ಟಯರಿನ ಸೈಡಿನಲ್ಲಿ ‘ಡಾಟ್’ (DOT) ಅಂತ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯಲ್ಲಿ ನಾಲ್ಕು ಅಂಕಿ. 3021 ಅಂತಿದ್ದರೆ 2021ನೇ ಇಸವಿಯ 30ನೇ ವಾರ ತಯಾರಾದ ಟಯರು ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಇದನ್ನು ಓದಲೇಬೇಕು. ಟಯರಿನ ಮೇಲಿನ ಗೀರು (ಟ್ರೆಡ್) ಆಳ ಇದ್ದರೂ ರಬ್ಬರ್ ಗಟ್ಟಿಯಾಗಿದ್ದರೆ ಒದ್ದೆ ರಸ್ತೆಯಲ್ಲಿ ಹಿಡಿತ ಇರುವುದಿಲ್ಲ. ಗಾಳಿಯನ್ನು ಟಯರು ತಣ್ಣಗಿರುವಾಗಲೇ ನೋಡಬೇಕು. ಬಂಕ್‌ವರೆಗೆ ಓಡಿಸಿಕೊಂಡು ಹೋಗಿ ನೋಡಿದರೆ ಬಿಸಿಗೆ ಜಾಸ್ತಿ ತೋರಿಸುತ್ತದೆ.

ಇಲ್ಲಿನ ಕಮ್ಯೂನಿಟಿ ಕಾಲೇಜಿನಲ್ಲಿ ಬೈಕ್ ತರಬೇತಿಯನ್ನೂ ಮುಗಿಸಿದೆ. ಊರಲ್ಲಿ ಎಷ್ಟೇ ಓಡಿಸಿದ್ದರೂ ಇದನ್ನು ಬಿಡಬೇಡಿ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಕೋನ್ ಇಟ್ಟು, ಎರಡೂ ಬ್ರೇಕ್ ಸೇರಿಸಿ ಹಿಡಿಯುವುದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಕೈಗೆ ಅದು ರೂಢಿಯಾಗುವುದೇ ಮುಖ್ಯ.

ಹೆಲ್ಮೆಟ್ ವಿಷಯ: ನಾರ್ತ್ ಕೆರೊಲಿನಾದಲ್ಲಿ ಓಡಿಸುವವರಿಗೂ ಹಿಂದೆ ಕೂತವರಿಗೂ ಕಡ್ಡಾಯ. ಪಕ್ಕದ ಸೌತ್ ಕೆರೊಲಿನಾದಲ್ಲಿ 21 ವರ್ಷ ತುಂಬಿದವರಿಗೆ ಕಡ್ಡಾಯವಲ್ಲ. ಗಡಿ ದಾಟಿದ ಮೇಲೆ ಬರೀ ತಲೆಯಲ್ಲಿ ಹೋಗುವವರು ಕಾಣುತ್ತಾರೆ. ಕಾನೂನು ಗಡಿಗೆ ಬದಲಾದೀತು, ಡಾಂಬರು ಎರಡೂ ಕಡೆ ಒಂದೇ. ನಾನು ಎಲ್ಲೂ ತೆಗೆಯುವುದಿಲ್ಲ.

ಮೇ

ಬ್ಲೂ ರಿಡ್ಜ್ ಪಾರ್ಕ್‌ವೇ. ವರ್ಜೀನಿಯಾದಿಂದ ಗ್ರೇಟ್ ಸ್ಮೋಕಿ ಬೆಟ್ಟಗಳವರೆಗೆ 469 ಮೈಲಿ. 1935ರಲ್ಲಿ ಕೆಲಸ ಶುರುವಾಗಿ 1987ರಲ್ಲಿ ಮುಗಿದ ರಸ್ತೆ. ಲಾರಿಗಳಿಲ್ಲ, ಜಾಹೀರಾತು ಬೋರ್ಡ್‌ಗಳಿಲ್ಲ. ಪೆಟ್ರೋಲ್ ಬಂಕ್ ಕೂಡ ಇಲ್ಲ, ಕೆಳಗಿಳಿದೇ ಹಾಕಿಸಬೇಕು. ಹೆಚ್ಚಿನ ಕಡೆ ವೇಗದ ಮಿತಿ ಗಂಟೆಗೆ 45 ಮೈಲಿ. ಆಶ್‌ವಿಲ್‌ನಿಂದ ಚೆರೊಕಿವರೆಗಿನ ಭಾಗ ಹಿಡಿದೆ. ರಿಚ್‌ಲ್ಯಾಂಡ್ ಬಾಲ್ಸಮ್ ಹತ್ತಿರ ರಸ್ತೆ 6,053 ಅಡಿಗೆ ಏರುತ್ತದೆ. ಇಡೀ ಪಾರ್ಕ್‌ವೇಯಲ್ಲಿ ಇದೇ ಎತ್ತರದ ಜಾಗ. ಆಶ್‌ವಿಲ್‌ಗಿಂತ ಇಲ್ಲಿ ಏಳೆಂಟು ಡಿಗ್ರಿ ಸೆಲ್ಸಿಯಸ್ ತಣ್ಣಗಿರುತ್ತದೆ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದು ತಡವಾಗುತ್ತದೆ. ಹಾಗಾಗಿ ಬೇಸಿಗೆಯಲ್ಲೂ ಬ್ಯಾಗಿನಲ್ಲಿ ದಪ್ಪ ಗ್ಲೌಸ್ ಇರಲಿ.

ಈಗ ಮುಖ್ಯ ವಿಷಯ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ತಿರುವು ಬಂದರೆ ನಾವೇನು ಮಾಡುತ್ತೇವೆ? ಹಾರ್ನ್ ಹೊಡೆಯುತ್ತೇವೆ. ಎದುರಿನವರೂ ಹೊಡೆಯುತ್ತಾರೆ. ಬಸ್ಸೋ ಕಾರೋ, ಎಷ್ಟು ದೂರದಲ್ಲಿದೆ, ಎಲ್ಲ ಕಿವಿಗೇ ಗೊತ್ತಾಗುತ್ತದೆ. ಇಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ಕಿವಿ ಮಾಡುತ್ತಿದ್ದ ಕೆಲಸವನ್ನೂ ಕಣ್ಣೇ ಮಾಡಬೇಕು. ಈ ವರ್ಷದ ನನ್ನ ಕಲಿಕೆಯೆಲ್ಲ ಸುತ್ತುತ್ತಿರುವುದು ಇದರ ಸುತ್ತಲೇ.

ತಿರುವಿನಲ್ಲಿ ರಸ್ತೆಯ ಎಡ ಅಂಚು, ಬಲ ಅಂಚು ಮುಂದೆಲ್ಲೋ ಒಂದು ಕಡೆ ಸೇರಿದ ಹಾಗೆ ಕಾಣುತ್ತದೆ ಅಲ್ವಾ? ಆ ಜಾಗದ ಮೇಲೆ ಕಣ್ಣಿಡಬೇಕು. ನಾವು ಹೋದಷ್ಟೂ ಅದು ಮುಂದೆ ಸರಿಯುತ್ತಿದ್ದರೆ ತಿರುವು ಬಿಚ್ಚಿಕೊಳ್ಳುತ್ತಿದೆ. ನಮ್ಮ ಕಡೆಗೇ ಬರುತ್ತಿದ್ದರೆ ತಿರುವು ಬಿಗಿಯಾಗುತ್ತಿದೆ, ವೇಗ ಇಳಿಸಬೇಕು. ಪಾರ್ಕ್‌ವೇಯಲ್ಲಿ ಇದು ಬರೀ ಪಾಠ ಅಲ್ಲ. ಶುರುವಿನಲ್ಲಿ ಸಲೀಸಾಗಿ ಕಂಡು ಮಧ್ಯದಲ್ಲಿ ಇನ್ನೂ ಒಳಕ್ಕೆ ಬಾಗುವ ತಿರುವುಗಳು ಇಲ್ಲಿ ಸಾಕಷ್ಟಿವೆ. ಬದಿಯಲ್ಲಿ ಹುಲ್ಲು, ಆಮೇಲೆ ಇಳಿಜಾರು. 45 ಮೈಲಿ ವೇಗದಲ್ಲಿ ಗಾಡಿ ಸೆಕೆಂಡಿಗೆ 66 ಅಡಿ ಹೋಗುತ್ತದೆ. ಬಲಗಡೆಯ ಗುಡ್ಡ ನೋಟವನ್ನು 100 ಅಡಿಗೆ ಮೊಟಕು ಮಾಡಿದ್ದರೆ, ಎರಡು ಸೆಕೆಂಡಿನ ದಾರಿಯೂ ಕಣ್ಣಿಗೆ ಕಾಣುತ್ತಿಲ್ಲ ಎಂದಾಯಿತು. ಅಂಥಲ್ಲಿ ಬೋರ್ಡಿನಲ್ಲಿ ಏನೇ ಬರೆದಿರಲಿ, ಕಾಣುವಷ್ಟು ದೂರದಲ್ಲಿ ನಿಲ್ಲಿಸಲು ಆಗುವ ವೇಗವೇ ನನ್ನ ಮಿತಿ.

ಸುರಂಗಗಳೂ ಇವೆ. ಪಾರ್ಕ್‌ವೇಯ 26ರಲ್ಲಿ 25 ನಾರ್ತ್ ಕೆರೊಲಿನಾದಲ್ಲೇ. ಬಿಸಿಲಿನಿಂದ ಒಳಗೆ ನುಗ್ಗಿದ ಕೂಡಲೇ ಕಣ್ಣು ಕತ್ತಲೆ. ಕೆಲವು ಕಡೆ ಮೇಲಿಂದ ನೀರು ತೊಟ್ಟಿಕ್ಕಿ ನೆಲ ಒದ್ದೆಯಾಗಿರುತ್ತದೆ. ಕಪ್ಪು ವೈಸರ್ ಇರುವ ಹೆಲ್ಮೆಟ್ ಈ ರಸ್ತೆಗೆ ಬೇಡವೇ ಬೇಡ.

ಹೊರಡುವ ಮೊದಲು ಯಾವ ಭಾಗ ತೆರೆದಿದೆ ಅಂತ ನೋಡಿಕೊಳ್ಳಿ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಹೆಲೀನ್ ಚಂಡಮಾರುತ ಈ ಬೆಟ್ಟಗಳನ್ನು ಜಾಲಾಡಿಬಿಟ್ಟಿತು. ಗುಡ್ಡ ಕುಸಿದು ಪಾರ್ಕ್‌ವೇಯ ಎಷ್ಟೋ ಭಾಗ ತಿಂಗಳುಗಟ್ಟಲೆ ಮುಚ್ಚಿತ್ತು. ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ದಾರಿಯ ಮೈಲಿಗಲ್ಲಿನ ಸಂಖ್ಯೆ ನೆನಪಿಟ್ಟುಕೊಳ್ಳಿ. ಸಹಾಯ ಕೇಳುವಾಗ ನಿಮ್ಮ ವಿಳಾಸ ಅದೇ.

ಜುಲೈ

ಮಧ್ಯಾಹ್ನ ಗುಡುಗು ಮಳೆ ಜಾಸ್ತಿ. ಹಾಗಾಗಿ ಬೆಟ್ಟ ಬಿಟ್ಟು ಬೇರೆ ಕೆಲಸ ಮಾಡಿದೆ. ಬೈಕ್‌ಸೇಫ್ ನಾರ್ತ್ ಕೆರೊಲಿನಾ ಅಂತ ಒಂದು ಕಾರ್ಯಕ್ರಮವಿದೆ. ಬೈಕ್ ಓಡಿಸುವ ಪೊಲೀಸರೇ ನಮ್ಮ ಹಿಂದೆ ಬಂದು, ನಾವು ಓಡಿಸುವುದನ್ನು ನೋಡಿ, ಎಲ್ಲಿ ತಿದ್ದಿಕೊಳ್ಳಬೇಕು ಅಂತ ಹೇಳುತ್ತಾರೆ. ದಂಡ ಇಲ್ಲ, ಬೈಗುಳ ಇಲ್ಲ. ಇಂಥದ್ದೊಂದು ನಮ್ಮ ಚಿಕ್ಕಮಗಳೂರು ಕಡೆಯೂ ಇದ್ದಿದ್ದರೆ ಎಷ್ಟು ಹುಡುಗರು ಉಳಿಯುತ್ತಿದ್ದರೋ ಅನ್ನಿಸಿತು.

ಅಲ್ಲಿ ಗಟ್ಟಿಯಾದ ಪಾಠ ಒಂದಿದೆ. ಇಲ್ಲಿ ನಾವು ಓಡಿಸುವುದು ಬಲಗಡೆ. ಎಡ ತಿರುವಿನಲ್ಲಿ ಗಾಡಿ ಎಡಕ್ಕೆ ವಾಲುತ್ತದೆ. ಟಯರು ನಮ್ಮ ಲೇನಿನಲ್ಲೇ ಇದ್ದರೂ, ಹಳದಿ ಗೆರೆಯ ಹತ್ತಿರ ಇದ್ದರೆ ತಲೆ, ಭುಜ ಎದುರು ಲೇನಿನೊಳಗೆ ಹೋಗಿರುತ್ತವೆ. ಊರಲ್ಲಿ ಈ ಅಪಾಯ ಇರುವುದು ಬಲ ತಿರುವಿನಲ್ಲಿ. ಎಡಗಡೆ ಓಡಿಸಿ ಬೆಳೆದ ಮೈಗೆ ಎಡ ತಿರುವು ಅಂದರೆ ಒಳಗಿನ ತಿರುವು, ಸುರಕ್ಷಿತ ಅನ್ನಿಸುತ್ತದೆ. ಇಲ್ಲಿ ಪೂರ್ತಿ ಉಲ್ಟಾ. ಈಗ ಎಡ ತಿರುವಿನಲ್ಲಿ ಗೆರೆಯಿಂದ ಲೇನಿನ ಮೂರನೇ ಒಂದು ಭಾಗದಷ್ಟಾದರೂ ದೂರ ಇಡುತ್ತೇನೆ.

ಆಗಸ್ಟ್

ಡೀಲ್ಸ್ ಗ್ಯಾಪ್, ಬೈಕಿನವರ ಬಾಯಲ್ಲಿ ‘ಟೇಲ್ ಆಫ್ ದಿ ಡ್ರ್ಯಾಗನ್’. ನಾರ್ತ್ ಕೆರೊಲಿನಾದ ಗಡಿಯಿಂದ ಟೆನೆಸ್ಸಿಯೊಳಗೆ 11 ಮೈಲಿ, 318 ತಿರುವು ಅಂತ ಪ್ರಸಿದ್ಧಿ. ಅಡ್ಡರಸ್ತೆಯೂ ಇಲ್ಲ, ಮನೆಯೂ ಇಲ್ಲ. ವೇಗದ ಮಿತಿ 30 ಮೈಲಿ. ಗಡಿಯ ಹತ್ತಿರ ಒಂದು ಮರದಲ್ಲಿ, ಬಿದ್ದ ಬೈಕುಗಳ ಚೂರುಪಾರು ನೇತುಹಾಕಿದ್ದಾರೆ. ಮುರಿದ ಕನ್ನಡಿ, ಸೀಳಿದ ಫೇರಿಂಗ್ (ಬೈಕಿನ ಹೊರಕವಚ), ಬಾಗಿದ ಲಿವರ್. ಹೊರಡುವ ಮೊದಲು ಒಂದು ನಿಮಿಷ ಅದರ ಮುಂದೆ ನಿಂತೆ.

ನಿಜ ಹೇಳಬೇಕೆಂದರೆ ನನಗೆ ಈ ರಸ್ತೆಗಿಂತ ಪಾರ್ಕ್‌ವೇ ಇಷ್ಟ. ಇಲ್ಲಿ ಬೆಟ್ಟ ನೋಡಲು ಪುರುಸೊತ್ತೇ ಸಿಗುವುದಿಲ್ಲ. ತಿರುವುಗಳಲ್ಲಿ ಫೋಟೊ ತೆಗೆದು ಮಾರುವವರು ಕೂತಿರುತ್ತಾರೆ. ಕ್ಯಾಮೆರಾ ಕಂಡರೆ ಕಣ್ಣು ಅತ್ತ ಹೋಗುತ್ತದೆ, ಕಣ್ಣು ಹೋದ ಕಡೆ ಗಾಡಿಯೂ ಹೋಗುತ್ತದೆ. ವಾರದ ನಡುವೆ, ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ. ಹಿಂದೆ ಯಾರಾದರೂ ಜೋರಾಗಿ ಬಂದರೆ ಪಕ್ಕದ ಜಾಗದಲ್ಲಿ ನಿಲ್ಲಿಸಿ ದಾರಿ ಬಿಡಿ.

ಮುಂದಿನದು

ಅಕ್ಟೋಬರ್‌ನಲ್ಲಿ ಚೆರೊಹಾಲಾ ಸ್ಕೈವೇ. ರಾಬಿನ್ಸ್‌ವಿಲ್‌ನಿಂದ ಟೆನೆಸ್ಸಿಯ ಟೆಲಿಕೊ ಪ್ಲೇನ್ಸ್‌ವರೆಗೆ, 1996ರಲ್ಲಿ ತೆರೆದದ್ದು. 5,400 ಅಡಿ ದಾಟಿ ಏರುತ್ತದೆ. ನಡುವೆ ಪೆಟ್ರೋಲ್ ಸಿಗುವುದಿಲ್ಲ, ರಾಬಿನ್ಸ್‌ವಿಲ್‌ನಲ್ಲೇ ಟ್ಯಾಂಕ್ ತುಂಬಿಸುತ್ತೇನೆ. ಎಲೆ ಬಣ್ಣ ತಿರುಗುವ ಕಾಲ, ಉದುರಿದ ಎಲೆ ಒದ್ದೆಯಾಗಿದ್ದರೆ ಸೋಪಿನ ಹಾಗೆ ಜಾರುತ್ತದೆ. ನೆರಳಿರುವ ತಿರುವುಗಳಲ್ಲಿ ನಿಧಾನ ಹೋಗಬೇಕು. ಸಂಜೆಯಾದರೆ ಜಿಂಕೆಗಳ ಕಾಟ. ಒಂದು ಬಂದರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ ಅಂದುಕೊಳ್ಳಬೇಕು.

ಬೆಳಿಗ್ಗೆ ಪಶ್ಚಿಮಕ್ಕೆ ಹೊರಟು ಮಧ್ಯಾಹ್ನದ ಮೇಲೆ ಪೂರ್ವಕ್ಕೆ ತಿರುಗಿದರೆ ಎರಡೂ ಹೊತ್ತು ಬಿಸಿಲು ಬೆನ್ನಿಗಿರುತ್ತದೆ. ಆದರೆ ಆಗ ಎದುರಿನಿಂದ ಬರುವವರ ಕಣ್ಣಿಗೆ ಬಿಸಿಲು ಹೊಡೆಯುತ್ತದೆ, ಅವರಿಗೆ ನಾನು ಕಾಣದೇ ಇರಬಹುದು. ಅದಕ್ಕೇ ಈ ಸಲ ಕಪ್ಪು ಜಾಕೆಟ್ ಮೇಲೆ ಹಾಕಲು ಎದ್ದು ಕಾಣುವ ಹಳದಿ ವೆಸ್ಟ್ ತರಿಸಿದ್ದೇನೆ.