ಸರ್ ಕಳಿಸಿದ ಅರ್ಧ ಪುಟ

ಹೋದ ತಿಂಗಳು ನಮ್ಮ ಚಾರ್ಟರ್ಡ್ ಅಕೌಂಟೆಂಟ್‌ಗಳ (ಸಿ.ಎ.) ಸ್ಟಡಿ ಸರ್ಕಲ್‌ನವರು ಸರ್‌ಗೆ ಸನ್ಮಾನ ಇಟ್ಟುಕೊಂಡಿದ್ದರು. ಮುಂಬಯಿಯ ಮಾಟುಂಗಾದಲ್ಲಿ, ಸ್ಟೇಷನ್‌ಗೆ ಹತ್ತಿರದ ಒಂದು ಸಣ್ಣ ಹಾಲ್. ಸನ್ಮಾನ ಪತ್ರ ಬರೆಯುವ ಕೆಲಸ ನನಗೆ ಬಂತು. ಅವರ ಕೈಕೆಳಗೆ ಆರ್ಟಿಕಲ್‌ಶಿಪ್ (ಸಿ.ಎ. ಆಗುವ ಮೊದಲಿನ ಟ್ರೇನಿಂಗ್) ಮಾಡಿದವಳು, ಕನ್ನಡ ಬರೆಯಲು ಬರುತ್ತದೆ ಅಂತ. ಬಯೋಡೇಟಾ ಕೇಳಿದೆ. "ಎಂತಕ್ಕೆ ಮಾರಾಯ್ತಿ ಇದೆಲ್ಲ?" ಅಂದರು. ಎರಡು ದಿನ ಬಿಟ್ಟು ಅರ್ಧ ಪುಟ ಬಂತು. ಹೆಸರು, ಊರು ಕುಂದಾಪುರ ತಾಲೂಕು, ಮೆಂಬರ್‌ಶಿಪ್ ನಂಬರ್, ಸಿ.ಎ. ಆದ ವರ್ಷ 1979. ಅಷ್ಟೇ.

ಅಧ್ಯಕ್ಷ, ಕಾರ್ಯದರ್ಶಿ ಅಂತ ಒಂದು ಹುದ್ದೆಯೂ ಇಲ್ಲ. ನಮ್ಮ ಸಿ.ಎ. ಸಂಸ್ಥೆಯ ಯಾವ ಚುನಾವಣೆಗೂ ಅವರು ನಿಂತವರಲ್ಲ. ಚೌಕಟ್ಟು ಹಾಕುವ ಪತ್ರದಲ್ಲಿ ಹನ್ನೆರಡು ಸಾಲು ಹಿಡಿಯುತ್ತದೆ. ಅದರಲ್ಲಿ ಹಿಡಿಯದ್ದನ್ನು ಇಲ್ಲಿ ಬರೆಯುತ್ತೇನೆ.

ಸರ್ ಬೊಂಬಾಯಿಗೆ ಬಂದದ್ದು ಮೀಸೆ ಮೂಡುವ ಮೊದಲೇ. ಫೋರ್ಟ್‌ನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಿ, ಆಮೇಲೆ ಗಲ್ಲಾಕ್ಕೆ ಬಂದು, ಸಿದ್ಧಾರ್ಥ ಕಾಲೇಜಿನಲ್ಲಿ ಬೆಳಗಿನ ಹೊತ್ತು ಬಿ.ಕಾಂ. ಓದಿದರು. ಬಜೆಟ್ ಬಂದ ಮೇಲೆ ವಕೀಲ ನಾನಿ ಪಾಲ್ಖಿವಾಲಾ ಬ್ರೆಬೋರ್ನ್ ಸ್ಟೇಡಿಯಂನಲ್ಲಿ ಮಾತಾಡುತ್ತಿದ್ದರಲ್ವಾ, ಅದನ್ನು ತಪ್ಪಿಸುತ್ತಿರಲಿಲ್ಲವಂತೆ. ಕೈಯಲ್ಲಿ ಒಂದು ಚೀಟಿ ಇಲ್ಲದೆ ಅಂಕಿಗಳನ್ನು ಹೇಳುತ್ತಿದ್ದ ಆ ಮನುಷ್ಯನನ್ನು ನೆನೆದರೆ ಸರ್ ಮುಖ ಈಗಲೂ ಅರಳುತ್ತದೆ.

1980ರ ದಶಕದ ನಡುವೆ ಆದಾಯ ತೆರಿಗೆ ಕಾಯ್ದೆಗೆ ಸೆಕ್ಷನ್ 44ಎಬಿ ಬಂತು. ವರ್ಷಕ್ಕೆ 40 ಲಕ್ಷಕ್ಕಿಂತ ಜಾಸ್ತಿ ವಹಿವಾಟು ಇರುವ ವ್ಯಾಪಾರಿ ಸಿ.ಎ. ಹತ್ತಿರ ಟ್ಯಾಕ್ಸ್ ಆಡಿಟ್ ಮಾಡಿಸಲೇಬೇಕು ಎಂದಾಯಿತು. ಒಬ್ಬರೇ ಪ್ರಾಕ್ಟೀಸ್ ಮಾಡುವ ಸಣ್ಣ ಸಿ.ಎ.ಗಳಿಗೆ ಕೆಲಸ ಬಂತು, ಜೊತೆಗೆ ಹೆದರಿಕೆಯೂ ಬಂತು. ಫಾರ್ಮ್ ತುಂಬುವುದು ಹೇಗೆ ಅಂತ ಕೇಳಲು ಜನ ಇರಲಿಲ್ಲ. ಸರ್ ಐದು ಜನರನ್ನು ತಮ್ಮ ಹಳೇ ಹೋಟೆಲಿನ ಮಹಡಿಯ ಫ್ಯಾಮಿಲಿ ರೂಮಿನಲ್ಲಿ ಕೂರಿಸಿದರು. ನಮ್ಮ ಸ್ಟಡಿ ಸರ್ಕಲ್ ಶುರುವಾದದ್ದು ಹಾಗೆ. ಇವತ್ತಿಗೂ ಕುರ್ಚಿ ಜೋಡಿಸಲು ಮೊದಲು ಬರುವವರು ಅವರೇ.

ನಾನು ಸರ್ ಆಫೀಸಿಗೆ ಸೇರಿದ್ದು 2004ರಲ್ಲಿ. ಮರುವರ್ಷ ಜುಲೈ 26ರ ಮಳೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್. ನಮ್ಮ ಆಫೀಸು ಮೂರನೇ ಮಹಡಿಯಲ್ಲಿತ್ತು, ಏನೂ ಆಗಲಿಲ್ಲ. ಕುರ್ಲಾದಲ್ಲಿ ಇನ್ನೊಬ್ಬ ಸಿ.ಎ. ಆಫೀಸು ನೆಲಮಹಡಿ. ಎದೆಮಟ್ಟ ನೀರು. ಅವರಿಗೂ ಸರ್‌ಗೂ ಅಷ್ಟೇನೂ ಬಳಕೆ ಇರಲಿಲ್ಲ. ನೀರು ಇಳಿದ ಮೇಲೆ ಸರ್ ನಮ್ಮ ನಾಲ್ಕೂ ಜನ ಆರ್ಟಿಕಲ್‌ಗಳನ್ನು ಅಲ್ಲಿಗೆ ಕರೆದುಕೊಂಡು ಹೋದರು. ಗೋಡೆಯಿಂದ ಗೋಡೆಗೆ ಸುತ್ಲಿ ಕಟ್ಟಿದೆವು. ಒದ್ದೆ ವೌಚರ್‌ಗಳನ್ನು ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ನೇತುಹಾಕಿದೆವು. ಲೆಡ್ಜರ್‌ನ ಹಾಳೆಗಳ ನಡುವೆ ಹಳೇ ಪೇಪರ್ ಇಟ್ಟೆವು. ಶಾಯಿ ಹರಡಿದ ಅಂಕಿಗಳನ್ನು ಸರ್ ಬ್ಯಾಂಕ್ ಪಾಸ್‌ಬುಕ್ ನೋಡಿ ಒಂದೊಂದಾಗಿ ಓದಿಸಿದರು. ಹನ್ನೊಂದು ದಿನ. ಆ ವರ್ಷ ಆ ಕುರ್ಲಾದ ಸಿ.ಎ.ಯವರದು ಒಂದು ರಿಟರ್ನ್ ಕೂಡ ತಡವಾಗಲಿಲ್ಲ. ನೆಂದ ಕಾಗದದ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇದೆ.

ಹಿಂದಿನ ಆಡಿಟರ್‌ಗೆ ಪತ್ರ ಬರೆಯದೆ ಹೊಸ ಆಡಿಟ್ ಒಪ್ಪಿಕೊಳ್ಳಬಾರದು ಎಂಬುದು ನಮ್ಮ ಕಾನೂನು. ಎಲ್ಲರೂ ಪತ್ರ ಕಳಿಸಿ ಸುಮ್ಮನಾಗುತ್ತಾರೆ. ಸರ್ ಫೋನೂ ಮಾಡುತ್ತಿದ್ದರು: "ನಿಮ್ಮ ಫೀಸ್ ಬಾಕಿ ಉಂಟಾ?" ಉಂಟು ಅಂದರೆ, ಬಂದ ಪಾರ್ಟಿಯನ್ನು, ಅಂದರೆ ಗಿರಾಕಿಯನ್ನು, ಮೊದಲು ಅಲ್ಲಿಗೇ ವಾಪಸ್ ಕಳಿಸುತ್ತಿದ್ದರು. ಹಾಗೆ ಒಂದು ದೊಡ್ಡ ಬಿಲ್ಡರ್ ಕೈಬಿಟ್ಟುಹೋದದ್ದು ನಾನೇ ನೋಡಿದ್ದೇನೆ.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಒಬ್ಬರೇ ನಡೆಸುವ ಆಫೀಸಿನ ಸಿ.ಎ. ಇದ್ದಕ್ಕಿದ್ದ ಹಾಗೆ ತೀರಿಕೊಂಡರೆ ಮನೆಯವರಿಗೆ ಕೈಕಾಲು ಆಡುವುದಿಲ್ಲ. ಪಾರ್ಟಿಗಳು ಫೈಲ್ ಕೇಳಿ ಬಾಗಿಲು ತಟ್ಟುತ್ತಾರೆ. ಆರ್ಟಿಕಲ್ ಹುಡುಗರು ಅಳುಮುಖ ಮಾಡಿಕೊಂಡು ನಿಂತಿರುತ್ತಾರೆ. ಅಂಥ ಮನೆಗೆ ಸರ್ ಹೋಗುತ್ತಾರೆ. ಹುಡುಗರನ್ನು ಬೇರೆ ಸಿ.ಎ. ಹತ್ತಿರ ವರ್ಗ ಮಾಡಿಸುತ್ತಾರೆ, ಇಲ್ಲದಿದ್ದರೆ ಅವರ ಟ್ರೇನಿಂಗ್ ನಿಂತುಹೋಗುತ್ತದೆ. ಫರ್ಮ್‌ನ ಗುಡ್‌ವಿಲ್ ಅನ್ನು, ಅಂದರೆ ಅದು ಗಳಿಸಿದ ಹೆಸರು-ಬಳಕೆಯನ್ನು, ಇನ್ನೊಬ್ಬ ಸಿ.ಎ.ಗೆ ಮಾರಲು ಸಂಸ್ಥೆಯ ಅನುಮತಿ ಇದೆ ಅಂತ ಹೆಂಡತಿಗೆ ಕೂತು ವಿವರಿಸುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅದು ಗೊತ್ತೇ ಇರುವುದಿಲ್ಲ. ಸಿ.ಎ.ಗಳ ಕುಟುಂಬಕ್ಕೆಂದು 1962ರಿಂದ ಬೆನೆವೊಲೆಂಟ್ ಫಂಡ್ ಇದೆ, ಅದಕ್ಕೆ ಅರ್ಜಿ ತುಂಬಿಸುತ್ತಾರೆ. ಮುಗಿಯದ ಆಡಿಟ್‌ಗಳನ್ನು ನಮ್ಮ ಸರ್ಕಲ್‌ನವರಿಗೆ ಹಂಚುತ್ತಾರೆ. ಯಾರು ಸಹಿ ಮಾಡುತ್ತಾರೋ ಅವರೇ ಮೊದಲಿಂದ ಎಲ್ಲ ನೋಡಬೇಕು ಅನ್ನುವುದು ಷರತ್ತು. ಹೀಗೆ ಹದಿನಾಲ್ಕು ಮನೆ. ಬಯೋಡೇಟಾದಲ್ಲಿ ಒಂದೂ ಇಲ್ಲ.

ನಮ್ಮ ಸಂಸ್ಥೆಯ ಲಾಂಛನದಲ್ಲಿ ಗರುಡ ಇದೆ. ಜೊತೆಗೆ ಕಠೋಪನಿಷತ್ತಿನ ಮಾತು, 'ಯ ಏಷ ಸುಪ್ತೇಷು ಜಾಗರ್ತಿ'. ಮಲಗಿದವರ ನಡುವೆ ಎಚ್ಚರವಾಗಿರುವವನು. ಸನ್ಮಾನ ಪತ್ರದ ತಲೆಗೆ ಅದನ್ನೇ ಹಾಕಿಸಿದೆ. ಸರ್ ಬೇಡ ಅನ್ನಲಿಲ್ಲ.

ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಹಾಲ್ ತುಂಬಿ ಹಿಂದೆ ನಿಂತವರೂ ಇದ್ದರು. ಮೂರನೇ ಸಾಲಿನಲ್ಲಿ ಬಿಳಿ ಸೀರೆಯ ಒಬ್ಬ ಅಮ್ಮ ಕೂತಿದ್ದರು, ಪಕ್ಕದಲ್ಲಿ ಮಗ. ಅವನು ಈಗ ಸಿ.ಎ. ಮೈಕ್ ಕೊಟ್ಟರೆ ಸರ್ "ಎಲ್ಲರೂ ಊಟ ಮಾಡಿ ಹೋಗಿ" ಅಂದು ಕೂತುಬಿಟ್ಟರು.

ಮುಂದಿನ ಶನಿವಾರ ಬೆಳಿಗ್ಗೆ ಏಳಕ್ಕೆ ಅವರ ಫೋನ್ ಬಂತು. ಡೊಂಬಿವಿಲಿಯಲ್ಲಿ ಒಬ್ಬರು ತೀರಿಕೊಂಡಿದ್ದರು, ನಲವತ್ತಾರು ವಯಸ್ಸು. "ನಿನ್ನ ಮನೆಗೆ ಹತ್ತಿರ, ನಾನು ಬರುವಷ್ಟರಲ್ಲಿ ನೀನು ಹೋಗಿರು. ಒಂದು ಲಕೋಟೆ, ಅಂಟು ತಕೊಂಡು ಹೋಗು. ಅವರ ಡಿಜಿಟಲ್ ಸಹಿಯ ಟೋಕನ್ ಎಲ್ಲಿದೆ ನೋಡಿ, ಹೆಂಡತಿ ಎದುರಲ್ಲೇ ಅದರೊಳಗೆ ಹಾಕಿ ಅಂಟಿಸು. ಮೇಲೆ ತಾರೀಕು ಬರೆದು ಅವರ ಕೈಲೇ ಸಹಿ ಹಾಕಿಸು. ತೀರಿಹೋದವರ ಸಹಿ ಯಾರೂ ಮುಟ್ಟಬಾರದು."

ಪೆನ್‌ಡ್ರೈವ್‌ನಂಥ ಆ ಟೋಕನ್ ಲ್ಯಾಪ್‌ಟಾಪ್‌ನಲ್ಲೇ ಸಿಕ್ಕಿಸಿತ್ತು. ತೆಗೆದು ಲಕೋಟೆಗೆ ಹಾಕಿದೆ.