ಓಮ್ನಿಯ ಎಡಗಡೆ ಬಾಗಿಲು

ಜುಲೈ 14, 2024, ಭಾನುವಾರ ರಾತ್ರಿ

ಕೈ ಎಷ್ಟು ತೊಳೆದರೂ ಡೀಸೆಲ್ ವಾಸನೆ ಹೋಗುತ್ತಿಲ್ಲ. ಸೀಗೆಪುಡಿ ಆಯ್ತು, ಲಿಂಬೆಸಿಪ್ಪೆ ಆಯ್ತು. ಇರಲಿ. ನಮ್ಮ ಮಾರುತಿ ಓಮ್ನಿ ವ್ಯಾನಿನ ಎಡಗಡೆಯ ಜಾರುವ ಬಾಗಿಲು ಈಗ ಒಂದೇ ಕೈಯಲ್ಲಿ ಎಳೆದರೆ ಕೊನೆತನಕ ಹೋಗುತ್ತದೆ. ಮಲಗುವ ಮುಂಚೆ ಇನ್ನೊಂದು ಸಲ ಎಳೆದು ನೋಡಿ ಬಂದೆ.

ಬೇಸಿಗೆಯಲ್ಲೇ ಬಿಗಿ ಹಿಡಿದಿತ್ತು ಅದು. ಮಳೆ ಶುರುವಾದ ಮೇಲೆ ಜಾಸ್ತಿಯಾಯಿತು. ಅರ್ಧಕ್ಕೆ ಬಂದು ನಿಲ್ಲುವುದು, ಕರಕರ ಸದ್ದು, ಮುಚ್ಚುವಾಗ ಹೆಗಲು ಕೊಟ್ಟು ನೂಕಬೇಕು. ಅಪ್ಪಯ್ಯ ಹಿಡಿಕೆಗೆ ನೈಲಾನ್ ಹಗ್ಗ ಕಟ್ಟಿಟ್ಟಿದ್ದರು, ಎಳೆಯಲಿಕ್ಕೆ. ಹೋದ ತಿಂಗಳು ಪೇಟೆಯಲ್ಲಿ ಒಂದು ಗ್ಯಾರೇಜಿಗೆ ತೋರಿಸಿದ್ದಾರೆ. ರೋಲರ್ ಎಲ್ಲಾ ಬದಲಾಯಿಸಬೇಕು, ಬಾಗಿಲು ಇಳಿಸಬೇಕು, ಕೂಲಿ ಸೇರಿ 4,500 ಆಗುತ್ತೆ, ಹಳೇ ಗಾಡಿಗೆ ಯಾಕೆ ಅಷ್ಟು ಹಾಕ್ತೀರಿ ಅಂದರಂತೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಎಲ್ಲಾ ಹೊಸತು ಹಾಕಿಬಿಟ್ಟರೆ ಅವರಿಗೆ ಮತ್ತೆ ದೂರು ಬರುವುದಿಲ್ಲ. ಆದರೆ ಅಪ್ಪಯ್ಯ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡು ಬಂದಿದ್ದರು. ಫೋನಿನಲ್ಲಿ ನನ್ನ ಹತ್ತಿರ ಬಾಗಿಲಿನ ವಿಷಯ ಹೇಳಲಿಲ್ಲ, "ಗಾಡಿ ಕೊಟ್ಟುಬಿಡೋಣ ಅಂತ ಇದ್ದೀನಿ ಮಗಾ" ಅಂದರು ಅಷ್ಟೆ.

ಕೊಟ್ಟುಬಿಟ್ಟರೆ ತೋಟದ ಮನೆಯವರಿಗೆ ಮತ್ತೆ ಇಂಥ ಗಾಡಿ ಎಲ್ಲಿ ಸಿಗಬೇಕು? 2019ರಲ್ಲೇ ಓಮ್ನಿ ತಯಾರಿಸುವುದು ನಿಂತಿದೆ. ಹಿಂದಿನ ಸೀಟು ಬಿಚ್ಚಿದರೆ ಅಡಿಕೆ ಚೀಲ, ಗೊಬ್ಬರದ ಚೀಲ, ಕಾಫಿ ಸಸಿ, ಏನು ಬೇಕಾದರೂ ತುಂಬಬಹುದು. ಸೀಟು ಹಾಕಿದರೆ ಮದುವೆಗೆ ಮನೆಮಂದಿಯೆಲ್ಲ ಹೋಗಬಹುದು. ಅಜ್ಜಿಗೆ ಉಸಿರಾಟ ಜೋರಾದ ರಾತ್ರಿ ಇದೇ ಗಾಡಿಯಲ್ಲಿ ಮಲಗಿಸಿಕೊಂಡು ಆಗುಂಬೆ ಘಾಟಿ ಇಳಿದು ಮಣಿಪಾಲ ಸೇರಿದ್ದು. ಒಂದು ಬಾಗಿಲು ಜಾರಲ್ಲ ಅಂತ ಇದನ್ನು ಕೊಡುವುದಾ?

ಅದಕ್ಕೇ ನಿನ್ನೆ ಊರಿಗೆ ಬರುವಾಗ ಪೇಟೆಯಲ್ಲಿಳಿದು ಗ್ರೀಸಿನ ಪ್ಯಾಕೆಟ್ ತಂದೆ, 60 ರೂಪಾಯಿ. ಡೀಸೆಲ್ ಮನೆಯಲ್ಲಿತ್ತು, ಪಂಪಿಗೆ ಅಂತ ಇಟ್ಟಿದ್ದು. ಬೆಳಿಗ್ಗೆ ಪುನರ್ವಸು ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಗಾಡಿಯನ್ನು ಅಡಿಕೆ ಸುಲಿಯುವ ಮಾಡಿನ ಕೆಳಗೆ ತಂದು ನಿಲ್ಲಿಸಿದೆ.

ಇಂಥ ಬಾಗಿಲು ಇರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತೇನೆ. ಈ ಬಾಗಿಲು ನಿಂತಿರುವುದು ಮೂರು ಕಡೆ: ಮೇಲೊಂದು, ಕೆಳಗೊಂದು, ಮಧ್ಯದಲ್ಲಿ ಹೊರಮೈಗೆ ಕಾಣುವ ಚಾನಲ್ ಒಂದು. ಮೂರರಲ್ಲೂ ಸಣ್ಣ ಸಣ್ಣ ರೋಲರ್ ಓಡುತ್ತವೆ. ನಮ್ಮ ಕಡೆ ಕೆಡುವುದು ಹೆಚ್ಚಾಗಿ ಕೆಳಗಿನದ್ದು. ಅದು ಕಾಲಿಡುವ ಮೆಟ್ಟಿಲಿನ ಅಡಿಯಲ್ಲಿ ಅಡಗಿದೆ. ಚಕ್ರ ಎರಚಿದ ಕೆಸರು, ಚಪ್ಪಲಿಯ ಮಣ್ಣು ಎಲ್ಲಾ ಅಲ್ಲೇ ಸೇರುವುದು. ಜನ ಏನು ಮಾಡುತ್ತಾರೆ ಅಂದರೆ, ಬಿಗಿಯಾಯಿತು ಅಂತ ಹಳೇ ಗ್ರೀಸಿನ ಮೇಲೇ ಹೊಸ ಗ್ರೀಸ್ ಮೆತ್ತುತ್ತಾರೆ. ನಾಲ್ಕು ದಿನ ಸಲೀಸಾಗುತ್ತದೆ. ಆಮೇಲೆ ಆ ಗ್ರೀಸು ಮರಳು ಹಿಡಿದುಕೊಂಡು, ಕತ್ತಿಗೆ ಸಾಣೆ ಹಿಡಿದ ಹಾಗೆ ರೋಲರನ್ನು ತೇಯುತ್ತಾ ಹೋಗುತ್ತದೆ. ಮೊದಲು ತೆಗೆಯಬೇಕು, ಆಮೇಲೆ ಹಚ್ಚಬೇಕು.

ಗೋಣಿ ಹಾಸಿಕೊಂಡು ಮಲಗಿ ಟಾರ್ಚ್ ಬಿಟ್ಟು ನೋಡಿದರೆ, ಕಪ್ಪು ಗ್ರೀಸು, ಕೆಂಪು ಮಣ್ಣು, ಅಡಿಕೆ ಸಿಪ್ಪೆಯ ನಾರು ಎಲ್ಲಾ ಸೇರಿ ಗಟ್ಟಿ ಕಟ್ಟಿಕೊಂಡಿತ್ತು. ಸ್ಕ್ರೂಡ್ರೈವರ್ ತುದಿಗೆ ಹಳೇ ಬಟ್ಟೆ ಸುತ್ತಿ ಕೆರೆದೆ. ಮೂಲೆಗಳಿಗೆ ತೆಂಗಿನ ಕಡ್ಡಿ. ಡೀಸೆಲ್‌ನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೂರೂ ಚಾನಲ್ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿದೆ. ಬಾಗಿಲಿನ ಸುತ್ತ ಇರುವ ರಬ್ಬರಿಗೆ ಡೀಸೆಲ್ ತಾಗಬಾರದು, ಉಬ್ಬಿ ಮೆತ್ತಗಾಗಿಬಿಡುತ್ತದೆ. ಅದಕ್ಕೆ ಒದ್ದೆ ಬಟ್ಟೆ ಸಾಕು.

ಆಮೇಲೆ ಒಂದೊಂದೇ ರೋಲರನ್ನು ಬೆರಳಲ್ಲಿ ತಿರುಗಿಸಿ ನೋಡಿದೆ. ಮುಖ್ಯ ಕೆಲಸ ಇದೇ. ಮಧ್ಯದ್ದು ತಿರುಗುತ್ತಲೇ ಇರಲಿಲ್ಲ, ಸುಮ್ನೆ ಉಜ್ಜಿಕೊಂಡು ಹೋಗುತ್ತಿತ್ತು. ಕರಕರ ಅನ್ನುತ್ತಿದ್ದುದು ಅದು. ಡೀಸೆಲ್ ಬಿಟ್ಟು ಅಲುಗಾಡಿಸುತ್ತಾ ಇದ್ದರೆ ನಿಧಾನಕ್ಕೆ ಬಿಟ್ಟುಕೊಂಡಿತು. ಅಮ್ಮ ಹೊಲಿಗೆ ಮಿಷನ್ನಿನ ಎಣ್ಣೆ ತಂದುಕೊಟ್ಟಳು, ಅದನ್ನು ಎರಡು ಹನಿ. ಕೆಳಗಿನದರಲ್ಲಿ ಒಂದು ಪಕ್ಕ ಸವೆದು ಚಪ್ಪಟೆಯಾಗಿದೆ, ಅದನ್ನು ಬದಲಾಯಿಸಲೇಬೇಕು. ಆದರೆ ಬದಲಾಯಿಸಬೇಕಾದ್ದು ಅದೊಂದೇ. ಕೊನೆಗೆ ಗ್ರೀಸು, ತೆಳ್ಳಗೆ, ಬೆರಳಲ್ಲಿ ಸವರಿದಷ್ಟು.

ಪೂರ್ತಿ ಮುಚ್ಚಿಕೊಳ್ಳದೆ ಇದ್ದದ್ದು ಬೇರೆ ತೊಂದರೆ. ಹಿಂದಿನ ಕಂಬದಲ್ಲಿ ಲಾಕ್ ಕೂರುವ ಕೊಂಡಿ ಒಂಚೂರು ಕೆಳಗಿಳಿದಿತ್ತು. ಮೊದಲು ಅದರ ಸುತ್ತ ಪೆನ್ಸಿಲ್ ಗೆರೆ ಎಳೆದುಕೊಂಡೆ, ಎಲ್ಲಿತ್ತು ಅಂತ ಗೊತ್ತಾಗಲಿ ಅಂತ. ಸ್ಕ್ರೂ ಸ್ವಲ್ಪ ಸಡಿಲಿಸಿ, ಕೂದಲೆಳೆಯಷ್ಟು ಮೇಲೆ ಸರಿಸಿ, ಬಿಗಿ ಮಾಡಿದೆ. ಬಾಗಿಲು ಕೂತಿತು. ಅರೆಬರೆ ಮುಚ್ಚಿದ ಬಾಗಿಲು ಇಟ್ಟುಕೊಂಡು ತಿರುವಿನ ರಸ್ತೆಯಲ್ಲಿ ಹೋಗುವುದನ್ನು ನೆನೆಸಿಕೊಂಡರೆ ನನಗೆ ಈಗಲೂ ಎದೆ ಧಸಕ್ ಅನ್ನುತ್ತದೆ. ಬಾಗಿಲ ಪಕ್ಕ ಯಾವಾಗಲೂ ಮಕ್ಕಳೇ ಕೂರುವುದು.

ಅಪ್ಪಯ್ಯ ಹಗ್ಗ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಬಾಗಿಲು ಎಳೆದರು, ಮುಚ್ಚಿದರು, ಎಳೆದರು. ಮಾತಿಲ್ಲ. ಆಮೇಲೆ ಗಾಡಿ ಒರೆಸಲು ಬಟ್ಟೆ ಹುಡುಕಿಕೊಂಡು ಒಳಗೆ ಹೋದರು.

ಅಮ್ಮ ಅಲ್ಲೇ ನಿಂತಿದ್ದಳು. "ನಾನೊಂದು ಸಲ ಎಳೀಲಾ?" ಅಂದಳು.

"ಎಳಿ ಅಮ್ಮ."

ಎಳೆದಳು. ಹೋಯಿತು. ಇನ್ನೊಂದು ಸಲ ಎಳೆದಳು. ಆಮೇಲೆ ಗಾಡಿಯೊಳಗೆ ನೋಡುತ್ತಾ, ನನ್ನ ಕಡೆ ತಿರುಗದೆ, "ಹಾಗಾದ್ರೆ ಶ್ರಾವಣದಲ್ಲಿ ಶೃಂಗೇರಿಗೆ ಹೋಗಿ ಬರಬಹುದು ಅಲ್ವಾ" ಅಂದಳು.

"ಅದಕ್ಕೇನು, ಯಾವಾಗ ಬೇಕಾದ್ರೂ ಹೋಗಬಹುದಿತ್ತಲ್ಲ?"

"ನಂಗೆ ಎಳೀಲಿಕ್ಕೆ ಆಗ್ತಿರಲಿಲ್ಲ. ಈ ಮಣಿಕಟ್ಟು ನೋವಲ್ಲಿ. ನಿಮ್ಮಪ್ಪಯ್ಯ ಪ್ರತೀ ಸಲ ಮಳೇಲಿ ಇಳಿದು ಬಂದು ತೆಗೀಬೇಕು. ಅವರಿಗೆ ಬೇಜಾರಿಲ್ಲ, ನಂಗೇ ಒಂಥರಾ. ಸೀಮಂತದ ಮನೆ ಅಂಗಳದಲ್ಲಿ ಅಷ್ಟು ಜನ ನೋಡ್ತಾ ಇರೋವಾಗ ಒಳಗೆ ಸಿಕ್ಕಾಕಿಕೊಂಡ ಹಾಗೆ ಕೂರೋದು. ಅದಕ್ಕೇ ಬರೋದಿಲ್ಲ ಅಂದಿದ್ದು."

ಚಿಕ್ಕಿಯ ಮಗಳ ಸೀಮಂತಕ್ಕೆ ಅಮ್ಮ ಬಂದಿರಲಿಲ್ಲ. ಮಂಡಿ ನೋವು ಅಂದಿದ್ದಳು. ಚಿಕ್ಕಿ ಬೇಜಾರು ಮಾಡಿಕೊಂಡಿದ್ದಳು. ತಂಗಿಯ ಮೇಲೆ ಪ್ರಾಣವನ್ನೇ ಇಟ್ಟುಕೊಂಡವಳು, ಒಂದು ಬಾಗಿಲಿಗಾಗಿ ಮನೆಯಲ್ಲಿ ಉಳಿದಿದ್ದಾಳೆ. ಯಾರ ಹತ್ತಿರವೂ ಹೇಳಿಲ್ಲ. ಸಂತೆಗೂ ಹೋಗುತ್ತಿರಲಿಲ್ಲವಂತೆ. ತರಕಾರಿ ಚೀಟಿ ಬರೆದುಕೊಟ್ಟು ಕಳಿಸುತ್ತಿದ್ದಳಂತೆ. ನಮ್ಮ ಹಳ್ಳಿಮನೆಗಳಲ್ಲಿ ಗಂಡಸರಿಗೆ ಬೈಕಾದರೂ ಇದೆ. ಅಮ್ಮನಂಥವರಿಗೆ ಹೊರಗೆ ಹೋಗಬೇಕು ಅಂದರೆ ಈ ಬಾಗಿಲೇ ದಾರಿ. ಬಸ್ಸಿಗೆ ಹೋಗಬೇಕಾದರೆ ಏರು ಹತ್ತಿ ಟಾರು ರಸ್ತೆ ತನಕ ನಡೆಯಬೇಕು, ಈ ಮಳೆಯಲ್ಲಿ.

ನನಗೆ ತಡೆಯಲಾಗಲಿಲ್ಲ. "ಒಂದು ಮಾತು ಹೇಳಬಾರದಾ ಅಮ್ಮ" ಅಂದೆ. "ಗಾಡಿ ರಿಪೇರಿಗೆ ಅಷ್ಟು ದುಡ್ಡು ಅಂತ ಇವರು ತಲೆಬಿಸಿ ಮಾಡ್ಕೊಂಡಿದ್ರಲ್ಲ" ಅಂದಳು. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸುವ ಖರ್ಚು ಎದುರಿಗಿರುವಾಗ ತನ್ನ ಓಡಾಟಕ್ಕೆ ದುಡ್ಡು ಕೇಳುವುದು ಹೇಗೆ ಅಂತ. ಹೀಗೆ ಇನ್ನೂ ಏನೇನು ಬಿಟ್ಟಿದ್ದಾಳೋ. ಕೇಳಿದರೆ ಹೇಳುವವಳಲ್ಲ.

ಮಧ್ಯಾಹ್ನ ಮತ್ತೆ ಜಡಿ ಮಳೆ ಶುರುವಾಯಿತು. ಅದರಲ್ಲೇ ಮೂವರೂ ಚಿಕ್ಕಿ ಮನೆಗೆ ಹೋಗಿ ಬಂದೆವು. ಅಮ್ಮನೇ ಬಾಗಿಲು ತೆಗೆದು ಕೊಡೆ ಬಿಚ್ಚಿಕೊಂಡು ಇಳಿದಳು. ಚಿಕ್ಕಿ ಓಡಿ ಬಂದಳು.

ಇಳಿಯುವಾಗ ಗಮನಿಸಿದ್ದು ಇನ್ನೊಂದು. ಮೆಟ್ಟಿಲು ಎತ್ತರ ಅವಳಿಗೆ. ಹತ್ತುವಾಗ ಸೀಟು ಹಿಡಿದು ಜಗ್ಗುತ್ತಾಳೆ, ಮಣಿಕಟ್ಟಿಗೆ ಅಲ್ಲೂ ಪೆಟ್ಟೇ. ಕೊಟ್ಟಿಗೆ ಅಟ್ಟದಲ್ಲಿ ಹಲಸಿನ ಹಲಗೆ ಒಂದಿದೆ. ಗಿಡ್ಡ ಮಣೆ ಮಾಡಿಸಿ ಗಾಡಿಯಲ್ಲೇ ಇಡಬಹುದು. ಆದರೆ ಒದ್ದೆಯಲ್ಲಿ ಮರ ಜಾರುತ್ತೆ. ಮೇಲೆ ಹಳೇ ಟೈರಿನ ರಬ್ಬರ್ ಹೊಡೆದರೆ? ಅಥವಾ ಮಣೆ ಬೇಡ, ಒಳಗಡೆ ಕಂಬಕ್ಕೆ ಒಂದು ಹಿಡಿಕೆ ಹಾಕಿಸಿದರೆ, ಬಸ್ಸಲ್ಲಿ ಇರುತ್ತಲ್ಲ ಆ ಥರದ್ದು, ಆದರೆ ಅದಕ್ಕೆ ತಗಡಿನಲ್ಲಿ ತೂತು ಕೊರೆಯಬೇಕಾಗುತ್ತೆ, ನೀರು ಇಳಿದು ತುಕ್ಕು ಹಿಡಿಯುತ್ತೆ.